ಸೊನ್ನೆ ಬೈಟಿನ ಕಡತ

ಸಂಜೆ ನಾಲ್ಕೂವರೆ. ಬದಿಯಡ್ಕದ ಲ್ಯಾಬಿನಲ್ಲಿ
ಹಳೇ ಸರ್ವರಿನ ಫ್ಯಾನು ಗಂಟಲು ಕೆರೆಯುತ್ತಿತ್ತು.
ಮಿಸ್ರಿಯಾ ಕೈಯೆತ್ತಿದಳು:
"ಸರ್, ನನ್ನ ಪ್ರೋಗ್ರಾಮಿಗೂ ಅಶ್ವಿತನದ್ದಕ್ಕೂ
ಒಂದೇ ವಿಳಾಸ ಬಂದಿದೆ, ಒಂದಂಕಿ ಹೆಚ್ಚುಕಮ್ಮಿಯಿಲ್ಲ.
ಒಂದೇ ಜಾಗದಲ್ಲಿ ಇಬ್ಬರು ಹೇಗೆ?"

ಪುಸ್ತಕದಲ್ಲಿ ಉತ್ತರ ಉಂಟು. ನಾನು ಹೇಳಿದ್ದು ಬೇರೆ.

ಹೋದ ವರ್ಷ ಎಣ್ಮಕಜೆಯ ವಿಲೇಜಾಫೀಸಿಗೆ
ಹಳೇ ಸರ್ವೆ ನಂಬ್ರ ಹಿಡಿದು ಹೋಗಿದ್ದೆ.
ಮೂವತ್ತೇಳು ಬಾರ್ ಎರಡು. ಕನ್ನಡದ ಕಾಗದ,
ಮಡಿಕೆಯಲ್ಲಿ ಹರಿದದ್ದು.
ಕಿಟಿಕಿಯಾಚೆ ಐತ್ತಪ್ಪಣ್ಣ, ಎದುರಿಗೆ
ಮಲಯಾಳದ ದಪ್ಪ ರಿಜಿಸ್ಟರು.
ಎಡಗಡೆಯ ಹಳೇ ನಂಬ್ರದಿಂದ ಬಲಗಡೆಯ ಹೊಸದಕ್ಕೆ
ಬೆರಳು ಗೆರೆ ತಪ್ಪದೆ ಜಾರಿತು.
ನನ್ನ ಪಕ್ಕ ನಿಂತವನು ಬೇರೆ ಗ್ರಾಮದವ,
ಅವನದ್ದೂ ಮೂವತ್ತೇಳು ಬಾರ್ ಎರಡು!
ಜಗಳವಾಗಲಿಲ್ಲ. ಅವನದ್ದು ತೋಡಿನ ಬದಿ,
ನನ್ನದು ಎಲ್ಲೋ ಪಾರೆಯ ಮೇಲೆ.
ನಂಬ್ರ ನಮ್ಮದು; ನೆಲ ಗೊತ್ತಿರುವುದು ಬೆರಳಿಗೆ.

"ಕರ್ನಲ್ ಅಂದರೆ ಐತ್ತಪ್ಪಣ್ಣನಾ?" ಹಿಂದಿನ ಬೆಂಚು ನಕ್ಕಿತು.
ಹೌದು ಮಾರಾಯ. ಆದರೆ ಇವನು ಇನ್ನೂ ಕಿಲಾಡಿ.
ನಾಲ್ಕೇ ಜಿಬಿ ಇರುವಲ್ಲಿ ಎಂಟು ಕೇಳು,
"ಆಯ್ತು" ಅನ್ನುತ್ತಾನೆ.
ಕೊಟ್ಟದ್ದು ಮಾತು, ಜಾಗ ಅಲ್ಲ.
ನೀನು ಕಾಲಿಟ್ಟಾಗ ಎಡವುತ್ತೀ, ನಿನಗದು ತಿಳಿಯುವುದಿಲ್ಲ,
ಅಷ್ಟರೊಳಗೆ ಓಡಿಹೋಗಿ
ನಾಲ್ಕು ಸಾವಿರದ ತೊಂಬತ್ತಾರು ಬೈಟಿನ ಒಂದು ಚಾಪೆ
ಪಾದದಡಿ ಹಾಸಿರುತ್ತಾನೆ, ಕೊಡವಿ,
ಹಿಂದೆ ಮಲಗಿದ್ದವನ ಬೆವರು ಉಳಿಯದ ಹಾಗೆ.

ಅಶ್ವಿತ ಪರೀಕ್ಷೆಗೇ ಹೊರಟ.
ಕೇಳಿದ, ಕೊಟ್ಟಿತು. ಕೇಳಿದ, ಕೊಟ್ಟಿತು.
ಆಮೇಲೆ ಒಂದೊಂದೇ ಪುಟ ಮುಟ್ಟತೊಡಗಿದ.
ಡಿಸ್ಕಿನ ದೀಪ ಹುಚ್ಚು ಹಿಡಿದಂತೆ ಮಿನುಗಿತು,
ಕೀಲಿ ಒತ್ತಿದರೆ ಅಕ್ಷರ ಬರಲಿಲ್ಲ,
ಇಡೀ ಲ್ಯಾಬು ಕೈಕಟ್ಟಿ ಕೂತಿತು.
ಮತ್ತೆ ಒಂದು ಪರದೆಯಲ್ಲಿ ಒಂದೇ ಪದ: ಕಿಲ್ಡ್.

ಅವನದ್ದಲ್ಲ.
ಎಲ್ಲರಿಗಿಂತ ಹೆಚ್ಚು ಜಾಗ ಹಿಡಿದು
ತೆಪ್ಪಗೆ ಓಡುತ್ತಿದ್ದ ಮಿಸ್ರಿಯಾಳ ಮೂರು ದಿನದ ಲೆಕ್ಕ.

ಅವಳು ಅಳಲಿಲ್ಲ. "ಇದನ್ನು ಕೇಳಲಿಕ್ಕೆ
ಇವನ ಹತ್ತಿರವೂ ಕಿಟಿಕಿ ಉಂಟಾ ಸರ್?"

ಉಂಟು. ತೋರಿಸಿದೆ. ಮೆಮ್‌ಇನ್ಫೋ ಎಂಬ ಕಡತ.
ಗಾತ್ರ ನೋಡಿದಳು: ಸೊನ್ನೆ.
ತೆರೆದಳು: ಐವತ್ತು ಸಾಲು.
ಎಲ್ಲೂ ಬರೆದಿಟ್ಟದ್ದಲ್ಲ ಅದು,
ಕೇಳಿದ ಕ್ಷಣಕ್ಕೆ ತೆರೆಯುವ ಬಾಯಿ.
"ಖಾಲಿ" ಎಂಬಲ್ಲಿ ಚೂರೇ ಚೂರು,
"ಲಭ್ಯ" ಎಂಬಲ್ಲಿ ಬೇಕಾದಷ್ಟು.
ಯಾವುದು ನಿಜ, ಅಂದಳು. ಎರಡೂ, ಅಂದೆ.
ಇನ್ನೊಂದು ಕಡತದಲ್ಲಿ ಅವಳದೇ ಪ್ರೊಸೆಸ್ಸಿನ ಅಂಕಿ:
ಸಾಯುವ ಸರದಿಯಲ್ಲಿ ಮುಂದೆ ಬರಲು ಯಾರ ಸಹಿಯೂ ಬೇಡ,
ಹಿಂದೆ ಸರಿಯಲು ರೂಟಿನ ಅಪ್ಪಣೆ ಬೇಕು.
"ಆಫೀಸೇ ಇದು," ಅಂದಳು ಮಿಸ್ರಿಯಾ,
ಮೊದಲ ಸಾಲಿನಿಂದ ಲೆಕ್ಕ ಮತ್ತೆ ಶುರುಮಾಡಿದಳು.

ಐದೂಕಾಲರ ಬಸ್ಸು ಹಾರ್ನ್ ಹಾಕಿತು.
ನನ್ನ ಕಾಗದದ ಬೆನ್ನಿಗೆ ಐತ್ತಪ್ಪಣ್ಣ ಬರೆದುಕೊಟ್ಟ
ಹೊಸ ನಂಬ್ರ ಪೆನ್ಸಿಲಿನದ್ದು, ಅರ್ಧ ಮಾಸಿದೆ.
ತೆರಿಗೆ ಕಟ್ಟಿದ್ದೇನೆ. ರಶೀದಿ ಉಂಟು.
ಆ ಪಾರೆಗೆ ಈವರೆಗೂ ಕಾಲಿಟ್ಟಿಲ್ಲ.