ಎಡಗಿಸೆ

ನನ್ನ ಹೆಸರು ದಿಗಂಬರ. ಉಡಸೋದು ಊರಿಗೆಲ್ಲ.
ಶಹಾಬಜಾರದಾಗ ಟೇಪು ಕೊಳ್ಳಿಗೆ ಹಾಕ್ಕೊಂಡು ನಲವತ್ತು ವರ್ಷ.
ಗಂಡಸರ ಎದಿ ನನಗ ಬರೇ ಅಂಕಿ:
ಮೂವತ್ತೆಂಟು, ಉಸರು ಬಿಡ್ರಿ, ಮೂವತ್ತೇಳು.

ಮಾಣಿಕಪ್ಪ ಮಾಸ್ತರು ಮೂರು ಅಂಗಿ ತಂದ್ರು.
"ಎಡಗಿಸೆ ಬಿಚ್ಚಿ ಹೊಸಾದು ಹಚ್ಚಪಾ,
ಹಾಳಾದ ಪೆನ್ನು ಸೋರ್ತದ."
ಲೆಕ್ಕದ ಮಾಸ್ತರು. ಆ ಕೆಂಪು ಶಾಯಿಲೆ
ನಾನೂ ಎರಡು ಸಲ ನಪಾಸಾದಾಂವ.

ಅವರು ಹೋದ ಮ್ಯಾಲ ಬ್ಲೇಡಿಲೆ ಹೊಲಿಗಿ ಬಿಚ್ಚಿದೆ.
ಕಿಸೆಯ ಬಟ್ಟಿ ಚೊಕ್ಕ.
ಅದರ ಹಿಂದ ಡಾಗು, ತೊಗರಿಬ್ಯಾಳಿಯಷ್ಟು,
ಒಳಮಗ್ಗಲಿಗೆ ದಟ್ಟ, ಹೊರಮಗ್ಗಲಿಗೆ ತಿಳು.
ಎರಡನೇ ಅಂಗಿ. ಅದೇ ಜಾಗಾ.
ಮೂರನೇದು ಬರೇ ಗುಂಡಿ ಹಚ್ಚಲಿಕ್ಕೆ ಬಂದದ್ದು,
ಅದಕ್ಕ ಎಡಗಿಸೆಯೇ ಇಲ್ಲ.
ಡಾಗು ಅದ.

ಶಾಯಿ ಹೊರಗಿಂದ ಒಳಗ ಹೋಗ್ತದ.
ಇದು ಒಳಗಿಂದ ಬಂದದ್ದು.

ಹೆಂಗ ಹೇಳೋದು?
ಹೆಣ್ಮಕ್ಕಳದಕ್ಕ ಮೊಲಿ ಅಂತಾರ.
ಗಂಡಸಿಂದು ಎದಿ. ಎದಿ ತಟ್ಟು, ಎದಿ ಕೊಡು, ಎದಿಗಾರ.
ತೊಟ್ಟಿನ ಮಾತು ಯಾವ ಗಂಡಸಿನ ಬಾಯಾಗೂ ಕೇಳಿಲ್ಲ ನಾ,
ದೇವರು ಸುಮ್ಮನ ಹಚ್ಚಿದ ಎರಡು ಗುಂಡಿ
ಕಾಜಾ ಇಲ್ಲದಾವು.

ಮಂಗಳವಾರ ಬಂದ್ರು. ಬಾಯಾಗ ಟಾಚಣಿ ಕಚ್ಚಿದ್ದೆ,
ಹಂಗಾಗಿ ಮಾತು ಸಣ್ಣದಾತು:
"ಅಳತಿ ಮತ್ತೊಮ್ಮೆ ತಗೋತೀನಿ. ಬನಿಯನ್ ತಗೀರಿ."
ಪಡದಾದ ಹಿಂದ, ಹಳದಿ ಬಲ್ಬಿನ ಕೆಳಗ
ಎಡಗಡಿ ತೊಟ್ಟು ಒಳಗ ಜಗ್ಗಿತ್ತು,
ಕಲಿಯೋ ಹುಡುಗ ದಾರ ಬಿಗಿದು ಹಚ್ಚಿದ ಗುಂಡಿ ಹಾಂಗ.
ಸುತ್ತ ಚರ್ಮಕ್ಕ ನಿರಿಗಿ. ಟೇಪು ಅಲ್ಲಿ ತಡೀತು.

"ನೋಯ್ತದೇನ್ರಿ?"
"ನೋಯಲ್ಲೋ. ನೋಯ್ತಿದ್ರ ತೋರಸ್ತಿದ್ನಲ್ಲ."
"ಎಷ್ಟು ದಿವಸಾತು?"
"ಉಗಾದಿಗೆ ಒಂದು ಗಂಟು ಕಂಡಿತ್ತು.
ಸ್ಕೂಟರಿನ ಹ್ಯಾಂಡಲ್ ಬಡದದ್ದಿರಬೇಕು ಅಂತ..."
ತೋಳು ಎತ್ತಿಸಿದೆ. ಬಗಲಾಗ ಇನ್ನೊಂದು, ಪುಟ್ಟದು.

ದಾರಕ್ಕ ಗಂಟು ಬಿದ್ರ ಹಲ್ಲಿಲೆ ಕಡೀತೀನಿ.
ಇದು ನನ್ನ ಕತ್ರಿಯ ಕೆಲಸಲ್ಲ.

ಅಂಗಿ ಒಳಮಗ್ಗಲು ತಿರುವಿ ಮುಂದಿಟ್ಟೆ.
"ಲೆಕ್ಕ ತಪ್ಪ್ಯಾದ್ರಿ ಮಾಸ್ತರ್. ಪೆನ್ನಿಂದಲ್ಲ ಇದು."
ಭಾಳ ಹೊತ್ತು ನೋಡಿದ್ರು,
ಕಡೀ ಬೆಂಚಿನ ಹುಡುಗನ ಪೇಪರು ನೋಡಿದಾಂಗ,
ಉತ್ತರ ಖರೇ ಅದ, ಹೆಂಗ ಬಂತು ತಿಳೀವಲ್ದು.

"ಇದು ಹೆಂಗಸರ ಬ್ಯಾನಿ ಅಲ್ಲೇನೋ?"
"ಬಟ್ಟಿಗೇನು ಗೊತ್ರಿ, ಯಾರ ಮೈ ಅಂತ."

ಮರುದಿನ ಅಂಗಡಿ ಮುಚ್ಚಿ ಜೋಡಿ ಹೋದೆ, ದೊಡ್ಡ ದವಾಖಾನಿಗೆ.
ಸಾಲಿನಾಗ ಬರೇ ಹೆಣ್ಮಕ್ಕಳು.
ಒಬ್ಬಾಕಿ ಸರದು ಜಾಗಾ ಕೊಟ್ಟಳು,
"ಯಾರನ್ನ ಕರಕೊಂಡು ಬಂದೀರಿ ಅಣ್ಣಾರ?"
ಮಾಸ್ತರು ಮಾತಾಡ್ಲಿಲ್ಲ,
ಚೀಟಿ ತಿರುಗಿಸಿ ತಮ್ಮ ಹೆಸರು ತೋರಿಸಿದ್ರು.
ಆಕಿ ಇನ್ನಷ್ಟು ಸರದಳು.

ಮೂರೂ ಅಂಗಿ ಇನ್ನೂ ಮೊಳಿಗೆ ಜೋತಾವ.
ಕಿಸೆ ಹಚ್ಚಿಲ್ಲ.
ಎಡಕ್ಕೋ ಬಲಕ್ಕೋ,
ಅವರೇ ಬಂದು ಹೇಳಲಿ.