ಹೆಂಚಿನವನ ಲೆಕ್ಕ

ಇಗರ್ಜಿ ಅಲ್ಲಿ, ಗೋಪುರ ಇಲ್ಲಿ,
ನಡುವೆ ಸೈಕಲ್ಲು ಓಡಾಡುವ ಬಯಲು.
ಮುನ್ನೂರೈವತ್ತು ವರ್ಷದ ಹಿಂದೆ
ಒಂದು ಬಿರುಗಾಳಿ ಬಂದು
ಮಧ್ಯದ ಭಾಗವನ್ನಷ್ಟೇ ಕೆಡವಿ ಹೋಯಿತಂತೆ,
ಹುಡುಗರು ರೊಟ್ಟಿಯ ನಡುವನ್ನೇ ಕಿತ್ತು ತಿಂದು
ಅಂಚು ಬಿಟ್ಟ ಹಾಗೆ.
ಇಗರ್ಜಿಯಿದ್ದ ಗುರುತಿಗೆ ನೆಲದಲ್ಲಿ ಬೇರೆ ಬಣ್ಣದ ಕಲ್ಲು.
ಅದರ ಮೇಲೆ ನಿಂತು ಒಬ್ಬಳು
ಕಾಗದದ ಪೊಟ್ಟಣದಿಂದ ಬಿಸಿ ಆಲೂ ತಿನ್ನುತ್ತಿದ್ದಾಳೆ.

ಊಟ್ರೆಕ್ಟ್. ಅಕ್ಟೋಬರ್. ಹನ್ನೊಂದರ ತಂಡ, ಹದಿನಾಲ್ಕು ಜನ.
ಬೀಗದ ಕೈ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಟ್ರೈನ್ಚೆ ಮುಂದೆ.
"ನಾನೂರ ಅರವತ್ತೈದು ಮೆಟ್ಟಿಲು," ಅಂದಳು,
"ಎಣಿಸಬೇಡಿ. ಎಣಿಸಿದವರಿಗೆ ಹೆಚ್ಚಾಗುತ್ತವೆ."

ನಾನು ಎಣಿಸಿದೆ.

ಸುರುಳಿ, ಮತ್ತೆ ಸುರುಳಿ.
ಭುಜಕ್ಕೆ ತಾಗುವ ಗೋಡೆ, ಅಂಗೈಗೆ ಹಗ್ಗ,
ಮುಂದೆ ಮುದುಕನೊಬ್ಬನ ಬೂಟಿನ ಹಿಮ್ಮಡಿ;
ಬಹಳ ಹೊತ್ತು ನನಗೆ ಕಂಡ ಊರು ಅದೊಂದೇ.
ನೂರಾ ಹನ್ನೆರಡಕ್ಕೆ ಅವನು ನಿಂತ.
ಹಿಂದಿನವರೆಲ್ಲ ನಿಂತೆವು,
ಕಸ ಸಿಕ್ಕ ಕೊಳವೆಯ ನೀರಿನಂತೆ.
ಮೇಲಿನಿಂದ ಮೊಮ್ಮಗಳು ಏನೋ ಕೇಳಿದಳು.
ಅವನು ಗೋಡೆ ತಟ್ಟಿ ತೋರಿಸಿದ:
ಗಾರೆ ನೋಡುತ್ತಿದ್ದಾನಂತೆ.
ಸುಳ್ಳು. ಎದೆ ತಿದಿಯ ಹಾಗೆ ಏರಿಳಿಯುತ್ತಿತ್ತು.
ನನ್ನ ಎಣಿಕೆ ಅಲ್ಲೇ ತಪ್ಪಿತು.

ಗಂಟೆಗಳ ಅಂತಸ್ತು ದಾಟಿದರೆ ಒಂದು ಕೋಣೆ,
ಅದರಲ್ಲಿ ಮರದ ಗೂಟಗಳ ಸಾಲು.
ಬೆರಳಲ್ಲ, ಮುಷ್ಟಿಯಿಂದ ಗುದ್ದಿ ನುಡಿಸಬೇಕು ಇದನ್ನು.
ಹುಡುಗಿ, ನೀಲ್ಚೆ, ಗಾಳಿಗೆ ಎರಡು ಗುದ್ದು ಕೊಟ್ಟಳು.
ಅಷ್ಟರಲ್ಲೇ ಕಾಲು ಗಂಟೆ ಹೊಡೆಯಿತು.
ಸದ್ದು ಕಿವಿಗೆ ಬರಲಿಲ್ಲ,
ಹಲ್ಲಿಗೆ ಬಂತು.

ಕೊನೆಗೊಂದು ಬಾಗಿಲು. ಗಾಳಿ. ಟೋಪಿ ಹಿಡಿದುಕೊಂಡೆವು.
ಎಲ್ಲರೂ ದೂರ ನೋಡಿದರು.
"ಮಂಜಿಲ್ಲದಿದ್ದರೆ ಅಲ್ಲಿ ಆಮ್‌ಸ್ಟರ್‌ಡ್ಯಾಮ್," ಎಂದಳು ಟ್ರೈನ್ಚೆ,
ಮಂಜಿನತ್ತ ಬೆರಳು ಚಾಚಿ.
ಮುದುಕ ಮಾತ್ರ ಕೋಟಿನೊಳಗಿಂದ ದುರ್ಬೀನು ತೆಗೆದು
ಕೆಳಗೆ, ತೀರ ಕೆಳಗೆ,
ಕಾಲುವೆ ತಿರುಗುವಲ್ಲಿನ ಒಂದು ಮನೆಯ ಬೆನ್ನಿಗೆ ಹಿಡಿದ.

ಎವರ್ಟ್ ಅವನ ಹೆಸರು. ಹೆಂಚು ಹೊದಿಸುವವನು.
ಅವನ ಐದು ಮಾತಿಗೆ ನೀಲ್ಚೆ ನನಗೆ ಕೊಟ್ಟಿದ್ದು ಒಂದು:
ಎಪ್ಪತ್ತನಾಲ್ಕನೆಯ ಇಸವಿ, ಇಪ್ಪತ್ತೊಂದರ ಪ್ರಾಯ,
ಹಿಂದಿನ ರಾತ್ರಿ ಅಕ್ಕನ ಮದುವೆ, ಬೆಳಿಗ್ಗೆ ತಲೆಭಾರ.
ಏಳನೆಯ ಸಾಲು ಎರಡು ಬೆರಳು ವಾಲಿತು.
ಗೊತ್ತಾದದ್ದು ಎಂಟನೆಯದು ಮುಗಿದ ಮೇಲೆ.
ಕೆಳಗಿನಿಂದ ಮೇಸ್ತ್ರಿ ಕೂಗಿದ: ಸರಿಯಿದೆಯಾ?
ಸರಿಯಿದೆ, ಎಂದ ಇವನು.
ಬೀದಿಗೆ ಕಾಣುವುದಿಲ್ಲ. ಒಂದು ಹನಿ ಸೋರಿದ್ದೂ ಇಲ್ಲ.
ಇಷ್ಟು ವರ್ಷ ಈ ಗೋಪುರಕ್ಕೊಂದೇ ಗೊತ್ತಿತ್ತು,
ಅದಕ್ಕೇ ಒಮ್ಮೆಯೂ ಹತ್ತಿರಲಿಲ್ಲ.

ಈಗ ದುರ್ಬೀನು ಇಳಿಸಿದವನೇ ನಕ್ಕ,
ಕೆಮ್ಮು ಬರುವಷ್ಟು, ಕಂಬಿ ಹಿಡಿದು.
ಹೆಂಚಿನ ಮೇಲೆ ಯಾರೋ ಸೌರ ಫಲಕ ಕೂರಿಸಿದ್ದಾರೆ,
ಅವನ ಏಳನೆಯ ಸಾಲನ್ನೇ ಗೆರೆಯೆಂದು ನಂಬಿ.
ಅದೂ ಎರಡು ಬೆರಳು ವಾರೆ!
ಯಾವನೋ ಹುಡುಗ ಮೊನ್ನೆ ಮೊನ್ನೆ ಅಲ್ಲಿ ನಿಂತು
ಕೆಳಗಿನವರಿಗೆ ಕೂಗಿರಬೇಕು, ಸರಿಯಿದೆ ಅಂತ.

ದುರ್ಬೀನು ನನ್ನ ಕೈಗೆ ಬಂತು.
ಕೆಂಪು, ಬೂದು, ಕೆಂಪು. ಒಂದು ಪಾರಿವಾಳ.
ಒಂದು ಕಿಟಕಿಯಲ್ಲಿ ಒಣಗಲು ಹಾಕಿದ ಕಾಲುಚೀಲ.
ಎಷ್ಟು ನೋಡಿದರೂ ವಾರೆ ನನಗೆ ಸಿಗಲಿಲ್ಲ.
ಅವನು ನನ್ನ ಮುಖವನ್ನೇ ನೋಡುತ್ತಿದ್ದ.
ಹೌದು, ಎಂದೆ. ಎರಡು ಬೆರಳು
ತೋರಿಸಿದೆ.

ಇಳಿಯುವಾಗ ಎಣಿಸಲಿಲ್ಲ, ಮಂಡಿಯೇ ಎಣಿಸಿತು.
ಬಯಲಲ್ಲಿ ಆಲೂ ತಿನ್ನುತ್ತಿದ್ದವಳು ಹೋಗಿದ್ದಳು.
ಅವಳ ಖಾಲಿ ಪೊಟ್ಟಣ ಗಾಳಿಗೆ ಸಿಕ್ಕಿ
ಇಲ್ಲದ ಇಗರ್ಜಿಯ ಉದ್ದಕ್ಕೂ
ನಿಂತು ನಿಂತು ಉರುಳುತ್ತಿತ್ತು.