ಪ್ರಶ್ನೆ ಹದಿನೇಳು

ಹಾಸನದ ಎಪಿಎಂಸಿ ಯಾರ್ಡಿನಲ್ಲಿ
ಜಲಂಧರದ ಬಿತ್ತನೆ ಗೆಡ್ಡೆ ಇಳಿಯುತ್ತಿದ್ದ ವಾರ.
ನನ್ನ ಕೈಯಲ್ಲಿ ರಟ್ಟು, ಕ್ಲಿಪ್ಪು, ನಲವತ್ತು ಫಾರಂ.
ದಿನಕ್ಕೆ ಹನ್ನೆರಡು ಮುಗಿಸಿದರೆ ಊಟದ ಭತ್ಯೆ.

ಸಣ್ಣತಾಯಮ್ಮ ಗೆಡ್ಡೆ ಕುಯ್ಯುತ್ತಿದ್ದಳು,
ಸವೆದು ಸವೆದು ಹುಣಸೆ ಎಲೆಯಷ್ಟಾದ ಚಾಕು.
ಒಂದು ಗೆಡ್ಡೆಗೆ ಮೂರು ಹೋಳು,
ಹೋಳಿಗೊಂದು ಕಣ್ಣು.
"ಕಣ್ ಬಿಟ್ಟು ಕುಯ್ದ್ರೆ ಮಣ್ಣಲ್ಲೇ ಕೊಳೀತದೆ ಕಣವ್ವ,
ಮೊಳಕೆ ಬರಾಕಿಲ್ಲ."
ನಾನು ಪ್ರಶ್ನೆ ಒಂದನ್ನು ಓದಿದೆ.

ಎಷ್ಟು ಜನರನ್ನ ಕೇಳ್ತೀಯ, ಅಂದಳು.
ಯಾರ್ಡು, ಕೋಲ್ಡ್ ಸ್ಟೋರೇಜು, ಸೇರಿ ನಾನೂರ ಹನ್ನೆರಡು.
ಎಲ್ಲಾರ್ನೂ ಯಾಕೆ ಕೇಳಲ್ಲ?
ತರಬೇತಿಯಲ್ಲಿ ಕಲಿತದ್ದನ್ನು ಒಪ್ಪಿಸಿದೆ:
ಅನ್ನ ಬೆಂದಿದೆಯೋ ನೋಡೋಕೆ ಒಂದು ಅಗುಳು ಸಾಕಲ್ವಾ ಅಮ್ಮ.

ಅವಳು ಪಕ್ಕದ ಮೂಟೆಯ ಹೊಲಿಗೆ ಬಿಚ್ಚಿದಳು.
ಮೇಲೆ ಮುಷ್ಟಿಗಾತ್ರದವು, ಸಾಲಾಗಿ, ಫೋಟೋಗೆ ಕೂತ ಹಾಗೆ.
ಮೊಣಕೈವರೆಗೆ ಕೈ ಇಳಿಸಿ ತೆಗೆದಳು:
ಎರಡು ಗೋಲಿ, ಒಂದು ಹಸಿರುಗಟ್ಟಿದ್ದು, ಒಂದು ಕೊಳೆತದ್ದು.
"ಅನ್ನಕ್ಕೆ ಒಂದೇ ಒಲೆ. ಮೂಟೆ ತುಂಬೋನು ಮನುಷ್ಯ."

ಪ್ರಶ್ನೆ ಒಂಬತ್ತು:
ಕಳೆದ ಒಂದು ತಿಂಗಳಲ್ಲಿ ಮೈಯ ಯಾವ ಭಾಗದಲ್ಲಿ ನೋವು?
"ಬಲಗೈ ಹೆಬ್ಬೆಟ್ಟಿನ ಬುಡ."
ಯೋಚಿಸಲೂ ಇಲ್ಲ.

ಪ್ರಶ್ನೆ ಹದಿನೇಳು:
ದಿನಗೂಲಿ ಎಷ್ಟು?
ರೈಟರ್ ಕುಬೇರಪ್ಪ ತಕ್ಕಡಿಯ ಪಕ್ಕದ ಕುರ್ಚಿಯಿಂದೆದ್ದು
ನೀರು ಕುಡಿಯುವ ನೆಪದಲ್ಲಿ ಹತ್ತಿರ ಬಂದು ನಿಂತ.
"ನಾನೂರು," ಅಂದಳು ಸಣ್ಣತಾಯಮ್ಮ, ಚಾಕುವಿಗೆ.
ಬರೆದುಕೊಂಡೆ.

ಸಂಜೆ ನಲ್ಲಿಯ ಹತ್ತಿರ ಕಾಲು ತೊಳೆಯುತ್ತ
"ಇನ್ನೂರ ಎಂಬತ್ತು. ಬರ್ಕಬ್ಯಾಡ."

ಫಾರಂನಲ್ಲಿ ಗೊತ್ತಿಲ್ಲ ಎನ್ನುವವರಿಗೆ ತೊಂಬತ್ತೆಂಟು,
ಉತ್ತರ ಕೊಡದವರಿಗೆ ತೊಂಬತ್ತೊಂಬತ್ತು.
ಬರ್ಕಬ್ಯಾಡ ಎನ್ನುವುದಕ್ಕೆ ಸಂಖ್ಯೆ ಇಲ್ಲ.
ರಾತ್ರಿ ಹಾಸ್ಟೆಲಿನಲ್ಲಿ ಅಂಚಿಗೆ ಪೆನ್ಸಿಲಿನಿಂದ ಬರೆದೆ,
ಅಳಿಸಿದೆ. ಮಾತು ಕೊಟ್ಟಿದ್ದೆನಲ್ಲ.
ಕೊಟ್ಟಿರಲೂ ಇಲ್ಲ, ಸುಮ್ಮನೆ ತಲೆಯಾಡಿಸಿದ್ದೆ.
ನಾನೂರು ಅಲ್ಲೇ ಉಳಿಯಿತು,
ಕಣ್ಣು ಬಿಟ್ಟು ಕುಯ್ದ ಹೋಳು.

ಹೊಸ ಬೆಳೆ ಯಾರ್ಡಿಗೆ ಬರುವ ಹೊತ್ತಿಗೆ ವರದಿಯೂ ಬಂತು.
ಹೋಗಿ ಓದಿ ಹೇಳುತ್ತೇನೆ ಎಂದೆ.
ಅದಕ್ಕೆ ಭತ್ಯೆ ಇಲ್ಲ, ಅಂದರು ಮೇಡಂ.

ನಾನೂರ ಹನ್ನೆರಡರಲ್ಲಿ ಮುನ್ನೂರ ಆರು ಹೆಂಗಸರಿಗೆ
ಹೆಬ್ಬೆರಳ ಬುಡದಲ್ಲಿ ನೋವು, ಎಂದು ಓದಿದೆ.
ಆಯುತ್ತಿದ್ದ ಕೈಗಳು ನಿಂತವು.
"ನಂಗೊಬ್ಳಿಗೇ ಅನ್ಕಂಡಿದ್ದೆ," ಅಂದಳು ಮೂಲೆಯಿಂದ ರುಕಿಯಾಬಿ.
ಹನ್ನೊಂದು ವರ್ಷ ಒಂದೇ ಗೋಣಿತಾಟಿನ ಮೇಲೆ ಕೂತವರು
ಒಬ್ಬರ ಕೈ ಒಬ್ಬರು ಹಿಡಿದು
ಒತ್ತಿ ನೋಡಿದರು, ಇಲ್ಲಾ? ಇನ್ನೂ ಕೆಳಗಾ?
ಅಷ್ಟನ್ನು ಮಾಡಿದ್ದು ಬರೀ ಎಣಿಕೆ.
ಅದಕ್ಕೇ ಇವತ್ತಿಗೂ ಫಾರಂ ಹಿಡಿದು ಹೋಗುತ್ತೇನೆ.

"ಕೂಲಿ ಎಷ್ಟು ಅಂತ ಬಂತು?"
ಕೇಳಿದ್ದು ಸಣ್ಣತಾಯಮ್ಮ.
ಸರಾಸರಿ ಮುನ್ನೂರ ತೊಂಬತ್ತೊಂದು ರೂಪಾಯಿ
ನಲವತ್ತು ಪೈಸೆ.
ಕುಬೇರಪ್ಪ ಕುರ್ಚಿಯಲ್ಲೇ ಪೇಪರಿನ ಪುಟ ಮಗುಚಿದ.
ಅವಳು ಕೈಯಲ್ಲಿದ್ದದ್ದನ್ನು ಗೋಲಿಯ ಗುಡ್ಡೆಗೆ ಎಸೆದಳು.
"ನಿನ್ ಪುಸ್ತಕ್ದಲ್ಲಿ ಚೆನ್ನಾಗೇ ಕೊಡ್ತಾರೆ ಕಣವ್ವ.
ನಾವೂ ಅಲ್ಲಿಗೇ ಕೆಲ್ಸಕ್ಕೆ ಬತ್ತೀವಿ."
ಎಲ್ಲರೂ ನಕ್ಕರು. ಕುಬೇರಪ್ಪನೂ ನಕ್ಕ.

ಆ ನಲವತ್ತು ಪೈಸೆ
ನನ್ನ ಕಿವಿಯಲ್ಲಿ ಇನ್ನೂ ಅಲ್ಲಾಡುತ್ತದೆ.

ಹೊರಟಾಗ ನನ್ನ ಚೀಲಕ್ಕೆ ನಾಲ್ಕು ಗೆಡ್ಡೆ ಹಾಕಿದಳು,
ಮೂಟೆಯೊಳಗೆ ತೋಳು ಮುಳುಗುವಷ್ಟು ಕೈ ಇಳಿಸಿ,
ತಳದಿಂದ.